ಹೊಟ್ಟೆಯ ಬೊಜ್ಜನ್ನು ಮನೆಮಂದಿಯೆಲ್ಲ ಸೇರಿ ಇಳಿಸುವುದು ಹೇಗೆ?

ಮದುವೆಯಾದ ಮೇಲೆ ಬರುವ ಹೊಟ್ಟೆಗೆ ನಮ್ಮಲ್ಲಿ ಯಾರೂ ಹೆದರುವುದಿಲ್ಲ. ‘ಮನೆ ಊಟ ಮೈಗೆ ಹತ್ತಿದೆ’ ಅಂತ ಖುಷಿಯಿಂದಲೇ ಹೇಳುತ್ತೇವೆ. ಯಾರಾದರೂ ಸ್ವಲ್ಪ ಇಳಿದುಹೋದರೆ ‘ಯಾಕೆ, ಹುಷಾರಿಲ್ವಾ?’ ಎಂದು ವಿಚಾರಿಸುವ ನಾವು, ಹೊಟ್ಟೆ ಮುಂದೆ ಬಂದವರನ್ನು ಏನೂ ಕೇಳುವುದಿಲ್ಲ. ಆದರೆ ಸಕ್ಕರೆ ಕಾಯಿಲೆ, ಬಿಪಿ, ಫ್ಯಾಟಿ ಲಿವರ್, ಹೃದಯಾಘಾತ ಇವಕ್ಕೆಲ್ಲ ಆ ಹೊಟ್ಟೆಯ ಜೊತೆ ನೇರ ನಂಟಿದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 22-23ರ ಆಸುಪಾಸಿನಲ್ಲಿತ್ತು. ಇದೇ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆಯೂ ಇದೆ. ಅಂದರೆ ಹೊಟ್ಟೆ ತುಂಬುತ್ತಿದೆ, ಮೈಗೆ ಬೇಕಾದದ್ದು ಸಿಗುತ್ತಿಲ್ಲ. ಕೆಲವೇ ವರ್ಷಗಳಲ್ಲಿ ಇಷ್ಟು ಜನರ ತೂಕ ಏರಿದೆ ಎಂದಮೇಲೆ ಅದನ್ನು ಒಬ್ಬೊಬ್ಬರ ಸೋಮಾರಿತನ ಅಂತ ತಳ್ಳಿಹಾಕಲು ಬರುವುದಿಲ್ಲ, ಅಲ್ವಾ? ಬದಲಾದದ್ದು ಅಡುಗೆಮನೆಯ ಡಬ್ಬಗಳು, ಕೆಲಸದ ರೀತಿ, ರಸ್ತೆಗಳು. ಆದ್ದರಿಂದ ಈ ಮಾರ್ಗದರ್ಶಿ ಒಬ್ಬರು ಮಾತ್ರ ಮಾಡುವ ‘ಡಯಟ್’ ಬಗ್ಗೆ ಅಲ್ಲ. ಇಡೀ ಮನೆ ಸೇರಿ ಮಾಡುವ ಕೆಲಸದ ಬಗ್ಗೆ.

ಹೆಜ್ಜೆ 1: ತೂಕದ ಯಂತ್ರಕ್ಕಿಂತ ಮೊದಲು ಟೇಪು ಹಿಡಿಯಿರಿ

ಹೊಲಿಗೆಯವರು ಬಳಸುವ ಮೆತ್ತನೆಯ ಟೇಪು ಸಾಕು. ಬೆಳಗ್ಗೆ ತಿಂಡಿಗೆ ಮುಂಚೆ ಅಳೆಯಿರಿ. ಪಕ್ಕೆಲುಬಿನ ಕೊನೆ ಎಲ್ಲಿದೆ ಅಂತ ಬೆರಳಿನಿಂದ ಮುಟ್ಟಿ ನೋಡಿ. ಆಮೇಲೆ ಸೊಂಟದ ಮೂಳೆಯ ಮೇಲಿನ ಅಂಚನ್ನು ಹುಡುಕಿ. ಇವೆರಡರ ನಡುವಿನ ಜಾಗದಲ್ಲಿ ಟೇಪು ಸುತ್ತಬೇಕು. ಬಟ್ಟೆಯ ಮೇಲಲ್ಲ, ಮೈಮೇಲೆ. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ. ಹಿಂದೆ ಬೆನ್ನ ಕಡೆ ಜಾರಿದೆಯಾ ಅಂತ ಇನ್ನೊಬ್ಬರು ನೋಡಿ ಹೇಳಿದರೆ ಒಳ್ಳೆಯದು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಎಲ್ಲರೂ ಎಳೆದುಕೊಳ್ಳುತ್ತಾರೆ! ಸಹಜವಾಗಿ ಉಸಿರು ಬಿಟ್ಟು, ಬಿಟ್ಟ ಹಾಗೇ ಅಳತೆ ನೋಡಿ.

ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ನಮ್ಮ ದೇಶದವರಿಗೆ ಇಟ್ಟಿರುವ ಗಡಿ. ಇಂಚಿನಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ‘ನನ್ನ ಪ್ಯಾಂಟ್ ಸೈಜ್ 34, ನಾನು ಸೇಫ್’ ಅನ್ನುವವರು ಬಹಳ. ಪ್ಯಾಂಟು ಕೂರುವುದು ಹೊಟ್ಟೆಯ ಕೆಳಗೆ. ಹೊಟ್ಟೆ ಎಷ್ಟೇ ಬೆಳೆದರೂ ಅದೇ ಸೈಜಿನ ಪ್ಯಾಂಟನ್ನು ಇನ್ನೂ ಸ್ವಲ್ಪ ಕೆಳಗೆ ಜಾರಿಸಿ ಹಾಕಿಕೊಳ್ಳಬಹುದು. ಟೇಪಿನ ಅಳತೆಯೇ ಬೇರೆ.

ಇನ್ನೊಂದು ಸುಲಭದ ಲೆಕ್ಕ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 160 ಸೆಂ.ಮೀ. ಎತ್ತರದವರಿಗೆ ಸೊಂಟ 80ರೊಳಗೆ.

ಆಮೇಲೆ ತೂಕ ನೋಡಿ, ಬಿಎಂಐ ಲೆಕ್ಕ ಹಾಕಿ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. ಜಗತ್ತಿನ ಬೇರೆ ಕಡೆ 25ರವರೆಗೆ ಸರಿ, 30 ದಾಟಿದರೆ ಬೊಜ್ಜು ಅನ್ನುತ್ತಾರೆ. ಭಾರತೀಯರಿಗೆ ಆ ಗಡಿ 23 ಮತ್ತು 25. ಐದು ಅಡಿ ಐದಿಂಚು ಎತ್ತರದವರು 68 ಕೆ.ಜಿ. ತೂಗಿದರೆ ಬಿಎಂಐ 25 ಆಯಿತು. ಕನ್ನಡಿಯಲ್ಲಿ ಅವರು ದಪ್ಪ ಕಾಣಿಸುವುದೇ ಇಲ್ಲ.

ಹೆಜ್ಜೆ 2: ನಮಗೇ ಯಾಕೆ ಗಡಿ ಕಡಿಮೆ ಅಂತ ತಿಳಿದುಕೊಳ್ಳಿ

ಇದು ಅರ್ಥವಾಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪುಣೆಯ ಸಕ್ಕರೆ ಕಾಯಿಲೆ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ: 22.3. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1 ಭಾಗ, ಯಾಜ್ಞಿಕ್ ಅವರಲ್ಲಿ 21.2 ಭಾಗ. ತೂಕ ನೋಡಿದರೆ ಇಬ್ಬರೂ ಸರಿ. ಒಳಗೆ ಮಾತ್ರ ಎರಡು ಪಟ್ಟು ವ್ಯತ್ಯಾಸ.

ನಮ್ಮಲ್ಲಿ ಬಹಳ ಜನರಿಗೆ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇದರ ಬೇರು ಹುಟ್ಟುವುದಕ್ಕೂ ಮುಂಚೆಯೇ ಇರಬಹುದು ಅನ್ನುವುದಕ್ಕೆ ಮೈಸೂರಿನಿಂದಲೇ ಸಾಕ್ಷಿ ಸಿಕ್ಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರು ಮಿಷನ್ ಆಸ್ಪತ್ರೆ ಅನ್ನುವುದು, 1934ರಿಂದಲೇ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು. ಮೂರು ಕಿಲೋಗಿಂತ ಚೆನ್ನಾಗಿ ಮೈತುಂಬಿ ಹುಟ್ಟಿದವರಲ್ಲಿ ಆ ಸಂಖ್ಯೆ ಬರೀ 3. ಹೊಟ್ಟೆಯಲ್ಲಿದ್ದಾಗ ಸರಿಯಾಗಿ ಪೋಷಣೆ ಸಿಗದ ಮಗು ಮುಂದೆ ಸಮೃದ್ಧಿಯ ಊಟಕ್ಕೆ ಬಿದ್ದರೆ ಅದರ ಮೈ ತಡೆದುಕೊಳ್ಳುವುದಿಲ್ಲ. ನಮ್ಮ ಅಜ್ಜಿ, ತಾಯಂದಿರು ಪಟ್ಟ ಹಸಿವಿನ ಲೆಕ್ಕವೂ ಇದರಲ್ಲಿ ಸೇರಿದೆ. ಆದ್ದರಿಂದ ದಪ್ಪಗಿರುವವರನ್ನು ಬೈಯುವ ಮುಂಚೆ ಇದನ್ನೊಮ್ಮೆ ಯೋಚಿಸಬೇಕು.

ಚರ್ಮದ ಕೆಳಗಿನ ಕೊಬ್ಬು, ಅಂದರೆ ಕೈಯಿಂದ ಹಿಡಿಯಲು ಸಿಗುವುದು, ಅಷ್ಟು ತೊಂದರೆ ಕೊಡುವುದಿಲ್ಲ. ಕೆಟ್ಟದ್ದು ಹೊಟ್ಟೆಯೊಳಗೆ ಕರುಳಿನ ಸುತ್ತ ಕೂರುವ ಕೊಬ್ಬು. ಅದು ಸುಮ್ನೆ ಕೂರುವುದಿಲ್ಲ. ಅಲ್ಲಿಂದ ಕೊಬ್ಬಿನ ಅಂಶ ನೇರವಾಗಿ ಲಿವರಿಗೆ ಹೋಗುತ್ತದೆ. ಲಿವರಿನಲ್ಲಿ ಕೊಬ್ಬು ತುಂಬಿದರೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತು ಅದಕ್ಕೆ ಕೇಳಿಸುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಅದೂ ಸೋತಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಜೊತೆಗೆ ಬಿಪಿ ಏರುತ್ತದೆ, ರಕ್ತನಾಳಗಳು ಗಡುಸಾಗುತ್ತವೆ. ಇದ್ಯಾವುದಕ್ಕೂ ನೋವಿಲ್ಲ. ನೋವಿಲ್ಲದ್ದೇ ದೊಡ್ಡ ತೊಂದರೆ.

ಹೆಜ್ಜೆ 3: ಮೈ ತೋರಿಸುವ ಗುರುತುಗಳನ್ನು ನೋಡಿ

ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನ ಹಾಗೆ ಆಗಿದೆಯಾ? ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮಗಳ ಕತ್ತಿಗೆ ನಿಂಬೆಹಣ್ಣು, ಕಡ್ಲೆಹಿಟ್ಟು ಹಾಕಿ ಗಸಗಸ ಉಜ್ಜುತ್ತಾರೆ. ‘ಸರಿಯಾಗಿ ಸ್ನಾನ ಮಾಡಲ್ಲ’ ಅಂತ ಬೈಯುತ್ತಾರೆ. ಪಾಪ, ಅದು ಕೊಳೆಯಲ್ಲ. ಹೆಚ್ಚಿನ ಸಲ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಉಜ್ಜಿದರೆ ಚರ್ಮ ಸುಲಿಯುತ್ತದೆ, ಕಪ್ಪು ಹೋಗುವುದಿಲ್ಲ. ಮಗುವನ್ನು ಡಾಕ್ಟರಿಗೆ ತೋರಿಸಿ.

ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತು, ಆಮೇಲೆ ಬೆಚ್ಚಿ ಉಸಿರೆಳೆದುಕೊಳ್ಳುವುದು ಇನ್ನೊಂದು ಗುರುತು. ‘ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾರೆ’ ಅಂತ ಅಂದುಕೊಳ್ಳಬೇಡಿ. ಅವರ ಮೈಗೆ ರಾತ್ರಿಯಿಡೀ ಆಮ್ಲಜನಕ ಸರಿಯಾಗಿ ಸಿಗುತ್ತಿರುವುದಿಲ್ಲ. ಹಗಲು ತೂಕಡಿಕೆ ಬರುತ್ತದೆ, ಬಿಪಿ ಹತೋಟಿಗೆ ಬರುವುದಿಲ್ಲ. ಬಸ್ಸು, ಲಾರಿ, ಕ್ಯಾಬ್ ಓಡಿಸುವವರಿಗೆ ಇದು ಪ್ರಾಣದ ಪ್ರಶ್ನೆ.

ಹೆಣ್ಣುಮಕ್ಕಳಲ್ಲಿ ಮುಟ್ಟು ತಿಂಗಳು ತಪ್ಪುವುದು, ಗಲ್ಲದ ಮೇಲೆ ಕೂದಲು ಬರುವುದು ಪಿಸಿಒಡಿ, ಅಂದರೆ ಅಂಡಾಶಯ ಮತ್ತು ಹಾರ್ಮೋನಿನ ತೊಂದರೆ ಇರಬಹುದು. ಮಂಡಿನೋವೂ ಲೆಕ್ಕಕ್ಕೆ ಬರುತ್ತದೆ: ಮೈತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 13 ಬಗೆಯ ಕ್ಯಾನ್ಸರಿಗೆ ಬೊಜ್ಜಿನ ಜೊತೆ ನಂಟಿದೆ ಎಂದು ಹೇಳಿದೆ. ಮುಟ್ಟು ನಿಂತ ಮೇಲೆ ಬರುವ ಸ್ತನ ಕ್ಯಾನ್ಸರ್, ಗರ್ಭಕೋಶ, ದೊಡ್ಡ ಕರುಳು, ಲಿವರ್, ಕಿಡ್ನಿ ಎಲ್ಲ ಆ ಪಟ್ಟಿಯಲ್ಲಿವೆ.

ಹೆಜ್ಜೆ 4: ಈ ಪರೀಕ್ಷೆಗಳನ್ನು ಮಾಡಿಸಿ, ಹೆದರಿ ಓಡಬೇಡಿ

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನಿಂದಲೇ ಸಾಲು ನಿಂತರು. ಆ ಭಯ ಅರ್ಥವಾಗುತ್ತದೆ. ಆದರೆ ಒಂದು ದಿನ ಇಸಿಜಿ ಮಾಡಿಸಿ ‘ನಾರ್ಮಲ್’ ಅಂತ ಬಂದರೆ ಹೊಟ್ಟೆ ಹಾಗೇ ಇರುತ್ತದೆ, ಬಿಪಿ ಹಾಗೇ ಇರುತ್ತದೆ. ಇಸಿಜಿ ಹೇಳುವುದು ಆ ಹೊತ್ತಿನ ಸ್ಥಿತಿಯನ್ನು. ಮುಂದಿನ ಹತ್ತು ವರ್ಷದ ಸುಳಿವು ಸಿಗುವುದು ಸರಳ ಪರೀಕ್ಷೆಗಳಲ್ಲಿ.

ಬಿಪಿ: ಕುರ್ಚಿಗೆ ಒರಗಿ ಐದು ನಿಮಿಷ ಕೂತ ಮೇಲೆ ನೋಡಿಸಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲಿದ್ದರೆ ಚಿಕಿತ್ಸೆ ಬೇಕು.

ಸಕ್ಕರೆ: ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇರಬೇಕು. 100ರಿಂದ 125 ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 126 ಅಥವಾ ಮೇಲಿದ್ದರೆ ಕಾಯಿಲೆ, ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳುತ್ತಾರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4 ಹೊಸ್ತಿಲು, 6.5 ಮತ್ತು ಮೇಲೆ ಕಾಯಿಲೆ.

ಕೊಬ್ಬು: ಲಿಪಿಡ್ ಪರೀಕ್ಷೆಯಲ್ಲಿ ಬರೀ ಕೊಲೆಸ್ಟರಾಲ್ ನೋಡಿ ಚೀಟಿ ಮಡಚಿಡಬೇಡಿ. ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150 ದಾಟಿದೆಯಾ, ಒಳ್ಳೆಯ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದೆಯಾ ನೋಡಿ. ಇವೆರಡೂ ಹೊಟ್ಟೆಯ ಬೊಜ್ಜಿನ ಜೊತೆ ಬರುವ ಜೋಡಿ. ಲಿವರ್ ಪರೀಕ್ಷೆ, ಬೇಕಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್ ಡಾಕ್ಟರ್ ಹೇಳುತ್ತಾರೆ. ‘ಫ್ಯಾಟಿ ಲಿವರ್ ಗ್ರೇಡ್ ಒನ್ ಅಷ್ಟೇ, ಎಲ್ಲರಿಗೂ ಇರುತ್ತೆ’ ಎಂದು ಯಾರಾದರೂ ಹೇಳಿದರೆ ನಂಬಿ ಸುಮ್ಮನಾಗಬೇಡಿ. ಎಲ್ಲರಿಗೂ ಇದೆ ಅನ್ನುವುದೇ ಚಿಂತೆಯ ವಿಷಯ.

ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ಆದರೆ 20 ಕಿಲೋ ಹೆಚ್ಚಾಗಿದ್ದರೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಲು ಆಗುವುದಿಲ್ಲ. ಥೈರಾಯ್ಡ್ ಕಡಿಮೆಯಾದರೆ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ನೀರು. ಸ್ಟೀರಾಯ್ಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ತೂಕ ಏರುತ್ತದೆ. ಅಂಥ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಬದಲಿ ಇದೆಯಾ ಕೇಳಿ.

ದುಡ್ಡಿನ ಚಿಂತೆ ಬೇಡ. 30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತುಂಬುವ ಫಾರಂನಲ್ಲಿ ಸೊಂಟದ ಅಳತೆಗೂ ಒಂದು ಕಾಲಂ ಇದೆ. ಅವರು ಟೇಪು ತೆಗೆದಾಗ ನಾಚಿಕೊಂಡು ‘ಅಂದಾಜು ಬರ್ಕೊಳ್ಳಿ’ ಅನ್ನಬೇಡಿ.

ಹೆಜ್ಜೆ 5: ಮನೆಯ ತಿಂಗಳ ಸಾಮಾನು ಚೀಟಿಯನ್ನು ಓದಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ತಟ್ಟೆಯ ಮುಂದೆ ಕೂತ ಮೇಲೆ ಮನಸ್ಸು ಗಟ್ಟಿ ಮಾಡುವುದು ಕಷ್ಟ. ಅಂಗಡಿಯಲ್ಲಿ ಚೀಟಿ ಬರೆಯುವಾಗ ಗಟ್ಟಿ ಮಾಡುವುದು ಸುಲಭ.

ಮೊದಲು ಎಣ್ಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ, ತುಪ್ಪ ಎಲ್ಲ ಸೇರಿ ಸಾಕು ಎಂದಿದೆ. ತಿಂಗಳಿಗೆ ಲೆಕ್ಕ ಹಾಕಿ: ಒಬ್ಬರಿಗೆ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ. ನಾಲ್ಕು ಜನರ ಮನೆಗೆ ಮೂರೂವರೆ ಲೀಟರ್. ಈಗ ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಪ್ಯಾಕೆಟ್ ಖಾಲಿಯಾಗುತ್ತದೆ, ಎಣಿಸಿ. ಐದು, ಆರು ಅಂತ ಬಂದರೆ ಆಶ್ಚರ್ಯವಿಲ್ಲ. ಹೊರಗೆ ತಿನ್ನುವ ವಡೆ, ಗೋಬಿ ಮಂಚೂರಿ, ಮಿರ್ಚಿ, ಬೆಣ್ಣೆ ದೋಸೆಯ ಎಣ್ಣೆ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ. ಅದೇ ಒಂದು ಗ್ರಾಂ ಅಕ್ಕಿಯ ಪಿಷ್ಟದಲ್ಲಿ 4. ಸೂರ್ಯಕಾಂತಿಯೋ ಶೇಂಗಾ ಎಣ್ಣೆಯೋ ಗಾಣದ ಎಣ್ಣೆಯೋ, ಕ್ಯಾಲರಿಯಲ್ಲಿ ವ್ಯತ್ಯಾಸವಿಲ್ಲ. ಒಳ್ಳೆ ಎಣ್ಣೆ ಅಂತ ಧಾರಾಳವಾಗಿ ಸುರಿಯಬೇಡಿ.

ಹೀಗೆ ಮಾಡಿ: ತಿಂಗಳ ಮೊದಲ ದಿನ ನಿಗದಿಯಾದಷ್ಟು ಎಣ್ಣೆ ಮಾತ್ರ ತನ್ನಿ. ಬಾಟಲಿಯಿಂದ ನೇರ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿ. ಒಗ್ಗರಣೆ ಬಿಡಬೇಕಿಲ್ಲ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಇಂಗು ಚೆನ್ನಾಗಿಯೇ ಸಿಡಿಯುತ್ತವೆ. ಕರಿದದ್ದು ಹಬ್ಬಕ್ಕೆ ಇರಲಿ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಎರಡನೆಯದು ಸಕ್ಕರೆ. ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಐದು ಟೀ ಚಮಚ ದಾಟಬಾರದು. ಎರಡು ಚಮಚ ಸಕ್ಕರೆಯ ಕಾಫಿ ಮೂರು ಲೋಟ ಆದರೆ ಅಲ್ಲಿಗೇ ಮೀರಿತು. ತಂಪು ಪಾನೀಯದಲ್ಲಿ 100 ಮಿ.ಲೀ.ಗೆ ಸುಮಾರು 10-11 ಗ್ರಾಂ ಸಕ್ಕರೆ ಇರುತ್ತದೆ. 300 ಮಿ.ಲೀ. ಬಾಟಲಿ ಒಂದರಲ್ಲೇ ಆ ದಿನದ್ದೆಲ್ಲ ಮುಗಿಯಿತು. ಬೆಲ್ಲ ಹಾಕಿದರೆ ಸರಿ ಅನ್ನುವುದು ನಮ್ಮಲ್ಲಿ ಬಲವಾದ ನಂಬಿಕೆ. ರುಚಿಗೆ ಬೆಲ್ಲವೇ ಮೇಲು, ಒಪ್ಪುತ್ತೇನೆ. ಬೊಜ್ಜಿನ ಲೆಕ್ಕದಲ್ಲಿ ಅದೂ ಸಕ್ಕರೆಯೇ. ಜೇನುತುಪ್ಪವೂ ಅಷ್ಟೇ. ಕಾಫಿಯ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಒಂದೆರಡು ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ.

ಮೂರನೆಯದು ಬಿಸ್ಕತ್ತು, ಚಿಪ್ಸ್, ಮಿಕ್ಸ್ಚರ್, ರಸ್ಕ್. ಇವನ್ನು ಮನೆಗೆ ತಂದು ಡಬ್ಬ ತುಂಬಿ ‘ತಿನ್ನಬೇಡ’ ಅನ್ನುವುದು ಮಕ್ಕಳಿಗೂ ಅನ್ಯಾಯ, ದೊಡ್ಡವರಿಗೂ ಅನ್ಯಾಯ. ತರಬೇಡಿ. ಆ ಜಾಗದಲ್ಲಿ ಹುರಿಗಡಲೆ, ಶೇಂಗಾ, ಬಾಳೆಹಣ್ಣು, ಸೀಬೆಹಣ್ಣು, ಮಜ್ಜಿಗೆ ಇರಲಿ. ಪ್ಯಾಕೆಟ್ ಕೊಳ್ಳಲೇಬೇಕಾದರೆ ಹಿಂಬದಿ ನೋಡಿ. ಮುಂದೆ ‘ರಾಗಿ ಬಿಸ್ಕತ್ತು’ ಅಂತ ದೊಡ್ಡದಾಗಿ ಬರೆದಿದ್ದರೂ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರುವುದು ಮೈದಾ, ಸಕ್ಕರೆ, ತಾಳೆ ಎಣ್ಣೆ ಇರಬಹುದು. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ.

ಹೆಜ್ಜೆ 6: ತಟ್ಟೆಯಲ್ಲಿ ಜಾಗ ಬದಲಿಸಿ

ಅನ್ನ ಬಿಟ್ಟು ಮುದ್ದೆ ತಿಂದರೆ, ಮುದ್ದೆ ಬಿಟ್ಟು ಚಪಾತಿ ತಿಂದರೆ ಹೊಟ್ಟೆ ಕರಗುತ್ತದೆ ಅನ್ನುವ ಮಾತು ಎಲ್ಲೆಡೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವೊಂದು 2025ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ನಾವು ತಿನ್ನುವ ಕ್ಯಾಲರಿಯಲ್ಲಿ ನೂರಕ್ಕೆ 62 ಭಾಗ ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದಲೇ ಬರುತ್ತದೆ. ಅಷ್ಟೇ ಪ್ರಮಾಣ ಉಳಿಸಿಕೊಂಡು ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರೆ ಅಪಾಯ ಕಡಿಮೆಯಾದದ್ದು ಕಂಡಿಲ್ಲ. ಪಿಷ್ಟದ ಸ್ವಲ್ಪ ಭಾಗದ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೊಟೀನ್ ಬಂದಾಗ ಸಕ್ಕರೆ ಕಾಯಿಲೆಯ ಅಪಾಯ ಇಳಿದದ್ದು ಕಂಡಿದೆ.

ರಾಗಿಯ ಮೇಲೆ ನನಗೆ ಪ್ರೀತಿ ಇದೆ. ಅದರಲ್ಲಿ ಸುಣ್ಣದ ಅಂಶವಿದೆ, ನಾರಿದೆ. ಆದರೆ ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದವರು ಉಣ್ಣುತ್ತಿದ್ದ ಎರಡು ದಪ್ಪ ಮುದ್ದೆಯನ್ನು ಕುರ್ಚಿಯಲ್ಲಿ ಕೂತು ದುಡಿಯುವವರು ಉಂಡರೆ ಆ ಪಿಷ್ಟ ಎಲ್ಲಿಗೆ ಹೋಗಬೇಕು? ಮುದ್ದೆ ಒಂದಿರಲಿ, ಚಿಕ್ಕದಿರಲಿ. ಜೊತೆಗೆ ಬಸ್ಸಾರಿನ ಸೊಪ್ಪು, ಕಾಳು ಎರಡು ಸೌಟು ಜಾಸ್ತಿ ಬರಲಿ.

ಬಡಿಸುವ ಕ್ರಮವನ್ನೇ ತಿರುಗಿಸಿ. ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಸೊಪ್ಪು, ಸೌತೆಕಾಯಿ, ಕೋಸಂಬರಿ. ಕಾಲು ಭಾಗಕ್ಕೆ ಕಾಳಿನ ಸಾರು, ಉಸಲಿ, ಮೊಟ್ಟೆ, ಮೀನು, ಗಟ್ಟಿ ಮೊಸರು ಇವುಗಳಲ್ಲಿ ಯಾವುದಾದರೂ. ಉಳಿದ ಕಾಲು ಭಾಗಕ್ಕೆ ಅನ್ನ, ಮುದ್ದೆ ಅಥವಾ ಜೋಳದ ರೊಟ್ಟಿ. ಉತ್ತರ ಕರ್ನಾಟಕದ ಊಟ ಇದಕ್ಕೆ ತುಂಬ ಹತ್ತಿರ ಇದೆ: ರೊಟ್ಟಿ, ಮಡಕೆಕಾಳು, ಸೊಪ್ಪು, ಹಸಿ ಮೂಲಂಗಿ, ಮೆಂತ್ಯದ ಎಲೆ. ರೊಟ್ಟಿ ಆದ ಮೇಲೆ ಅನ್ನದ ಎರಡನೇ ಸುತ್ತನ್ನು ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಕರಾವಳಿಯವರು ಕುಚ್ಚಲಕ್ಕಿ ಬಿಡಬೇಕಿಲ್ಲ. ಅನ್ನ ಅಳತೆಯಲ್ಲಿರಲಿ, ಮೀನು ಕರಿಯುವ ಬದಲು ಸಾರಾಗಲಿ.

ಬೆಳಗಿನ ತಿಂಡಿ ಕಷ್ಟದ್ದು. ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು, ಅವಲಕ್ಕಿ ಎಲ್ಲವೂ ಪಿಷ್ಟ ಮತ್ತು ಎಣ್ಣೆ. ಅದೇ ಚಿತ್ರಾನ್ನಕ್ಕೆ ಮೊಳಕೆಕಾಳಿನ ಉಸಲಿ ಅಥವಾ ಬೇಯಿಸಿದ ಮೊಟ್ಟೆ ಸೇರಿಸಿ, ಅನ್ನವನ್ನು ಅರ್ಧ ಮಾಡಿ. ಹೆಸರುಕಾಳಿನ ದೋಸೆ, ತರಕಾರಿ ಜಾಸ್ತಿ ಹಾಕಿದ ರವೆ ಕಡಿಮೆಯ ಉಪ್ಪಿಟ್ಟು ಕೂಡ ಒಳ್ಳೆಯದೇ.

ರಾತ್ರಿ ಊಟ ಹತ್ತು ಗಂಟೆಗೆ, ಹತ್ತೂವರೆಗೆ ಮಲಗುವುದು ನಗರದ ಮನೆಗಳಲ್ಲಿ ಮಾಮೂಲಾಗಿದೆ. ಎಂಟರೊಳಗೆ ಉಣ್ಣಲು ಆಗದಿದ್ದರೆ ಸಂಜೆ ಆರಕ್ಕೆ ಕಾಳು, ಹಣ್ಣು ತಿಂದು ರಾತ್ರಿ ಊಟ ಹಗುರ ಮಾಡಿ. ಒಂದು ಮಾತು ಹೆಣ್ಣುಮಕ್ಕಳಿಗೆ: ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ‘ಚೆಲ್ಲೋದ್ಯಾಕೆ’ ಅಂತ ತಿಂದು ಮುಗಿಸುವುದು ನಿಮ್ಮ ಕರ್ತವ್ಯವಲ್ಲ. ಉಪವಾಸ ಮಾಡಿ ತೂಕ ಇಳಿಸುವುದೂ ಬೇಡ, ರಕ್ತಹೀನತೆ ಇದ್ದವರಿಗಂತೂ ಬೇಡವೇ ಬೇಡ. ಬೇರೆಯವರ ಜೊತೆಗೇ ಕೂತು, ನಿಮ್ಮ ತಟ್ಟೆಗೂ ಕಾಳು, ಸೊಪ್ಪು ಬಡಿಸಿಕೊಂಡು ಉಣ್ಣಿ.

ಹೆಜ್ಜೆ 7: ನಡೆಯಿರಿ, ಭಾರವನ್ನೂ ಎತ್ತಿರಿ

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಬೇಕು. ನಮ್ಮಲ್ಲಿ ಎಲ್ಲರೂ ಬಿಡುವುದು ಈ ಎರಡನೆಯದನ್ನು. ಮಾಂಸಖಂಡವೇ ಕಡಿಮೆ ಇರುವ ಮೈ ನಮ್ಮದು ಎಂದಮೇಲೆ ಇದನ್ನು ಬಿಡುವ ಹಾಗೇ ಇಲ್ಲ. ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಎರಡು ನೀರಿನ ಬಾಟಲಿ ಎತ್ತುವುದು ಇಷ್ಟರಿಂದ ಶುರು ಮಾಡಿ. ಹೃದಯದ ತೊಂದರೆ, ಎದೆನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಒಂದು ವಾಕಿಂಗ್ ಮುಗಿಸಿ ಪಾರ್ಕಿನ ಎದುರಿನ ದರ್ಶಿನಿಗೆ ಹೋಗಿ ಮಸಾಲೆ ದೋಸೆ ತಿಂದರೆ ಲೆಕ್ಕ ಸರಿಹೋಗುವುದಿಲ್ಲ. ತೂಕ ಇಳಿಯುವುದು ಹೆಚ್ಚಾಗಿ ಊಟದಿಂದ. ಇಳಿದದ್ದು ಉಳಿಯುವುದು, ಹೃದಯ ಗಟ್ಟಿಯಾಗುವುದು, ಸಕ್ಕರೆ ಹತೋಟಿಗೆ ಬರುವುದು ನಡಿಗೆಯಿಂದ. ನಿದ್ದೆಯನ್ನೂ ಇಲ್ಲೇ ಸೇರಿಸಿಕೊಳ್ಳಿ. ಏಳು ಗಂಟೆ ನಿದ್ದೆ ಇಲ್ಲದಿದ್ದರೆ ಮರುದಿನ ಹಸಿವು ಜಾಸ್ತಿ.

ಹೆಜ್ಜೆ 8: ಎಷ್ಟು ಇಳಿಸಬೇಕು, ಎಷ್ಟು ದಿನದಲ್ಲಿ?

80 ಕಿಲೋ ಇರುವವರು 60ಕ್ಕೆ ಬರಬೇಕು ಅಂತ ಹೊರಟರೆ ಮೂರನೇ ವಾರಕ್ಕೆ ಕೈಬಿಡುತ್ತಾರೆ. ಮೊದಲ ಆರು ತಿಂಗಳಿಗೆ ನೂರಕ್ಕೆ ಐದರಿಂದ ಹತ್ತು ಭಾಗ ಸಾಕು, ಅಂದರೆ ನಾಲ್ಕರಿಂದ ಎಂಟು ಕಿಲೋ. ಅಷ್ಟಕ್ಕೇ ಬಿಪಿ, ಸಕ್ಕರೆ, ಲಿವರ್ ಮೂರೂ ಸುಧಾರಿಸತೊಡಗುತ್ತವೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನೂರಕ್ಕೆ 7 ಭಾಗ ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟರು. ಅವರಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ತಗ್ಗಿತು. ಚೆನ್ನೈಯಲ್ಲಿ ನಮ್ಮವರ ಮೇಲೆ ನಡೆದ ಇಂಥದ್ದೇ ಅಧ್ಯಯನದಲ್ಲಿ ತಗ್ಗಿದ್ದು 28.5ರಷ್ಟು, ಅದೂ ತೂಕ ಹೆಚ್ಚೇನೂ ಇಳಿಯದೆ. ತಕ್ಕಡಿ ಅಲ್ಲಾಡದಿದ್ದರೂ ನಡಿಗೆ, ಊಟದ ಫಲ ಒಳಗೆ ಸಿಗುತ್ತಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಧೈರ್ಯ ಬೇಕಾ?

ದಿನಾ ತೂಕ ನೋಡಬೇಡಿ. ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಸೊಂಟ. ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಿರಿ.

ಹತ್ತು ದಿನದಲ್ಲಿ ಹತ್ತು ಕಿಲೋ ಅನ್ನುವ ಪುಡಿ, ಕಷಾಯ, ಬೆಲ್ಟು, ಶೇಕ್ ಯಾವುದನ್ನೂ ಕೊಳ್ಳಬೇಡಿ. ತೂಕ ಇಳಿಸುವ ಇಂಜೆಕ್ಷನ್ನುಗಳ ವಿಷಯ ಬೇರೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ಇವು ನಿಜವಾಗಿಯೂ ಕೆಲಸ ಮಾಡುವ ಔಷಧಿಗಳು, ಬೇಕಾದವರು ತೆಗೆದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಆದರೆ ತಜ್ಞ ವೈದ್ಯರ ಚೀಟಿ ಇಲ್ಲದೆ ಬೇಡ. ವಾಂತಿ, ಹೊಟ್ಟೆ ತೊಳೆಸುವುದು ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತದ ಅಪಾಯ ಅಪರೂಪಕ್ಕಾದರೂ ಇದೆ. ಪ್ರೊಟೀನ್, ವ್ಯಾಯಾಮ ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ಮರಳುತ್ತದೆ. ಶಸ್ತ್ರಚಿಕಿತ್ಸೆಯೂ ಬಹಳ ತೂಕ ಇರುವವರಿಗೆ ಒಳ್ಳೆಯ ದಾರಿಯೇ, ಅದನ್ನು ತಜ್ಞರ ಜೊತೆ ಕೂತು ಮಾತಾಡಿಯೇ ನಿರ್ಧರಿಸಬೇಕು.

ಹೆಜ್ಜೆ 9: ಮಕ್ಕಳ ವಿಷಯದಲ್ಲಿ ಬಾಯಿ ಬಿಗಿಹಿಡಿಯಿರಿ

‘ಡುಮ್ಮ’, ‘ಗುಂಡಮ್ಮ’ ಅಂತ ಕರೆಯುವುದನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದ ಕರೆದರೂ ಮಗುವಿಗೆ ಅದು ನೋವೇ. ನಾಚಿಕೆಪಟ್ಟ ಮಗು ಕದ್ದು ತಿನ್ನುತ್ತದೆ, ಆಟದ ಮೈದಾನದಿಂದ ದೂರ ಉಳಿಯುತ್ತದೆ. ಬೆಳೆಯುವ ಮಕ್ಕಳಿಗೆ ಡಯಟ್ ಬೇಡ. ಅವರಿಗೆ ಬಿಎಂಐ ಗಡಿಯೂ ದೊಡ್ಡವರದ್ದಲ್ಲ, ವಯಸ್ಸಿನ ಪ್ರಕಾರದ ಬೆಳವಣಿಗೆಯ ಪಟ್ಟಿಯಲ್ಲಿ ಮಕ್ಕಳ ಡಾಕ್ಟರೇ ನೋಡಬೇಕು. ಮನೆಯಲ್ಲಿ ಎಲ್ಲರಿಗೂ ಒಂದೇ ಊಟ ಇರಲಿ. ದಪ್ಪಗಿರುವ ಅಣ್ಣನಿಗೆ ಸೌತೆಕಾಯಿ, ಸಣಕಲು ತಂಗಿಗೆ ಚಿಪ್ಸ್ ಅನ್ನುವ ಭೇದ ಬೇಡ. ದಿನಕ್ಕೆ ಒಂದು ಗಂಟೆ ಬೆವರುವ ಹಾಗೆ ಆಡಲಿ. ಮೊಬೈಲ್ ನೋಡುತ್ತಾ ಉಣ್ಣುವುದನ್ನು ಮೊದಲು ದೊಡ್ಡವರು ಬಿಡಬೇಕು.

ಹೆಜ್ಜೆ 10: ಮನೆಯ ಹೊರಗೂ ಕೇಳಿ

ಎಷ್ಟೇ ಶ್ರದ್ಧೆ ಇದ್ದರೂ ಫುಟ್‌ಪಾತ್ ಇಲ್ಲದ ಬೀದಿಯಲ್ಲಿ ಅಜ್ಜಿ ನಡೆಯಲಾರರು. ಪಾರ್ಕಿನ ಗೇಟು ಬೆಳಗ್ಗೆ ಒಂಬತ್ತಕ್ಕೆ ಮುಚ್ಚಿದರೆ ಮನೆಗೆಲಸ ಮುಗಿಸಿದ ಹೆಂಗಸರು ಎಲ್ಲಿಗೆ ಹೋಗಬೇಕು? ಇದನ್ನು ವಾರ್ಡಿನಲ್ಲಿ, ಗ್ರಾಮಸಭೆಯಲ್ಲಿ ಬರೆದುಕೊಟ್ಟು ಕೇಳಿ. ಕಚೇರಿಯ ಮೀಟಿಂಗಿನಲ್ಲಿ ಸಮೋಸ, ಬಿಸ್ಕತ್ತಿನ ಬದಲು ಹಣ್ಣು, ಶೇಂಗಾ ಇಡಿ ಎಂದು ಹೇಳಲು ಒಬ್ಬರು ಬಾಯಿಬಿಟ್ಟರೆ ಸಾಕು.

ಶಾಲೆಯಲ್ಲಂತೂ ನಿಯಮವೇ ನಿಮ್ಮ ಕೈಯಲ್ಲಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೆ ಮತ್ತು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ತೋರಿಸುವ ಫಲಕ ಹಾಕಿ ಎಂದು 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಸೂಚಿಸಿದೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಕೈಯೆತ್ತಿ ಎರಡು ಪ್ರಶ್ನೆ ಕೇಳಿ: ಕ್ಯಾಂಟೀನಿನಲ್ಲಿ ಏನೇನು ಮಾರುತ್ತೀರಿ? ವಾರಕ್ಕೆ ಎಷ್ಟು ಆಟದ ಪೀರಿಯಡ್‌ಗಳನ್ನು ಗಣಿತದ ಮೇಷ್ಟ್ರಿಗೆ ಬಿಟ್ಟುಕೊಡುತ್ತೀರಿ?